ಕರ್ನೆಲ್ ಕಲಿಯಲು ಪುಸ್ತಕ ಬೇಕಾ? ಮುಖಪುಟ ಬಿಡಿ, ಮುನ್ನುಡಿ ತೆರೆಯಿರಿ

"ಲಿನಕ್ಸ್ ಕರ್ನೆಲ್ ಕಲಿಯಬೇಕು, ಯಾವ ಪುಸ್ತಕ ತಗೊಳ್ಳಲಿ?" ಸುರತ್ಕಲ್ಲಿನ ಎನ್‌ಐಟಿಕೆ ಇರಲಿ, ನಿಟ್ಟೆ ಇರಲಿ, ಮಣಿಪಾಲ ಇರಲಿ, ಮೂರನೇ ವರ್ಷಕ್ಕೆ ಬಂದ ಕಂಪ್ಯೂಟರ್ ಸೈನ್ಸ್ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಇದು. ಕರ್ನೆಲ್ ಅಂದರೆ ಹಾರ್ಡ್‌ವೇರನ್ನು ನೇರವಾಗಿ ನಡೆಸುವ, ಆಪರೇಟಿಂಗ್ ಸಿಸ್ಟಂನ ತಿರುಳು. ಸೀನಿಯರ್‌ಗಳ ಉತ್ತರವೂ ಹೆಚ್ಚುಕಡಿಮೆ ಒಂದೇ. ರಾಬರ್ಟ್ ಲವ್ ಓದು, ಬೋವೆಟ್ ಮತ್ತು ಚೆಸಾಟಿ ಓದು, ಆಮೇಲೆ 'ಲಿನಕ್ಸ್ ಡಿವೈಸ್ ಡ್ರೈವರ್ಸ್' ಓದು. ಮೂರೂ ಒಳ್ಳೆಯ ಪುಸ್ತಕಗಳೇ. ಆದರೆ ಅವುಗಳ ಕೊನೆಯ ಆವೃತ್ತಿ ಬಂದದ್ದು ಯಾವಾಗ ಗೊತ್ತಾ? ಒಂದರದ್ದು 2010ರಲ್ಲಿ, ಇನ್ನೆರಡರದ್ದು 2005ರಲ್ಲಿ.

ಆ ಪುಸ್ತಕ ತಂದು, ಉದಾಹರಣೆಯ ಕೋಡ್ ಟೈಪ್ ಮಾಡಿ, ಕಂಪೈಲ್ ಮಾಡುವ 'ಮೇಕ್' ಆಜ್ಞೆ ಕೊಟ್ಟ ಕೂಡಲೇ ಎರರ್‌ಗಳ ಮಳೆ. ನಮಗೆ ಸಿ ಭಾಷೆಯೇ ಸರಿಯಾಗಿ ಬರುವುದಿಲ್ಲ ಅಂದುಕೊಂಡು ಅಲ್ಲಿಗೇ ಕೈಬಿಟ್ಟವರು ತುಂಬಾ ಜನ. ಅವರ ಸಿ ಚೆನ್ನಾಗಿಯೇ ಇತ್ತು. ಪುಸ್ತಕ ಹೇಳುತ್ತಿದ್ದ ಕರ್ನೆಲ್ ಬೇರೆ, ಅವರ ಲ್ಯಾಪ್‌ಟಾಪಿನ ಕರ್ನೆಲ್ ಬೇರೆ, ಅಷ್ಟೇ.

ಲಿನಕ್ಸ್ ಕರ್ನೆಲ್‌ನ ಹೊಸ ಆವೃತ್ತಿ 9–10 ವಾರಕ್ಕೊಮ್ಮೆ ಬರುತ್ತದೆ. ವರ್ಷಕ್ಕೆ ಐದಾರು. ಪುಸ್ತಕ ಬರೆದು, ತಿದ್ದಿ, ಅಚ್ಚು ಹಾಕುವಷ್ಟರಲ್ಲಿ ವರ್ಷ ಕಳೆದಿರುತ್ತದೆ. ಹಾಗಾಗಿ ಪೂರ್ತಿ ಹೊಸತು ಅನ್ನುವ ಕರ್ನೆಲ್ ಪುಸ್ತಕ ಯಾವತ್ತೂ ಇರುವುದಿಲ್ಲ. ಇದನ್ನು ಒಪ್ಪಿಕೊಂಡರೆ ಹುಡುಕಾಟ ಸುಲಭವಾಗುತ್ತದೆ. ಇಡೀ ಪುಸ್ತಕ ಹಳೆಯದಾ ಹೊಸದಾ ಅಂತ ನೋಡುವುದಲ್ಲ, ಅದರ ಯಾವ ಅಧ್ಯಾಯ ಇನ್ನೂ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಅಂತ ನೋಡಬೇಕು.

ಹೆಜ್ಜೆ 1: ನಿಮ್ಮ ಕರ್ನೆಲ್ ನಂಬರ್ ಬರೆದಿಟ್ಟುಕೊಳ್ಳಿ

ಟರ್ಮಿನಲ್ ತೆರೆದು 'ಯುನೇಮ್ -ಆರ್' ಕೊಡಿ. ಉಬುಂಟು 22.04 ಹಾಕಿಕೊಂಡವರಿಗೆ 5.15 ಅಂತ ಶುರುವಾಗುವ ನಂಬರ್ ಬರಬಹುದು. 24.04 ಆದರೆ 6.8. ಅಪ್‌ಡೇಟ್ ಮಾಡುತ್ತಾ ಬಂದಿದ್ದರೆ ಅದಕ್ಕಿಂತ ಮೇಲಿನದ್ದೂ ಇರಬಹುದು. ಡೆಬಿಯನ್ 12 ಆದರೆ 6.1. ಮೊದಲ ಎರಡು ಅಂಕಿ ಸಾಕು, ಉಳಿದ ಬಾಲ ಬೇಡ.

ವಿಂಡೋಸ್ ಒಳಗೆ ಡಬ್ಲ್ಯುಎಸ್‌ಎಲ್ ಹಾಕಿಕೊಂಡು ಲಿನಕ್ಸ್ ಓಡಿಸುವವರು ಈಗ ಜಾಸ್ತಿ. ಶೆಲ್, ಪೈಥಾನ್, ಸಾಮಾನ್ಯ ಸಿ ಪ್ರೋಗ್ರಾಂಗಳಿಗೆ ಅದು ಸಾಕು. ಕರ್ನೆಲ್ ಮಾಡ್ಯೂಲ್ (ಓಡುತ್ತಿರುವ ಕರ್ನೆಲ್‌ಗೆ ಸೇರಿಸುವ ಕೋಡ್ ತುಂಡು) ಬರೆಯಲು ಮಾತ್ರ ತಲೆನೋವು. ಅಲ್ಲಿರುವುದು ಮೈಕ್ರೋಸಾಫ್ಟ್ ತಾನೇ ಕಟ್ಟಿದ ಕರ್ನೆಲ್. ಅದಕ್ಕೆ ಬೇಕಾದ ಹೆಡರ್ ಫೈಲ್‌ಗಳು ಉಬುಂಟುವಿನ ಪ್ಯಾಕೇಜ್ ಇಳಿಸುವ 'ಆಪ್ಟ್' ಮೂಲಕ ಸಿಗುವುದಿಲ್ಲ. ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಸೃಷ್ಟಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಬೇರೆಯೇ ಒಂದು ಲಿನಕ್ಸ್ ಹಾಕಿಕೊಳ್ಳಿ. ಮಾಡ್ಯೂಲ್‌ನಲ್ಲಿ ಒಂದು ಪಾಯಿಂಟರ್ ತಪ್ಪಿದರೂ ಇಡೀ ಸಿಸ್ಟಂ ನಿಂತುಬಿಡಬಹುದು. ಸೆಮಿಸ್ಟರ್ ಪ್ರಾಜೆಕ್ಟ್ ಇಟ್ಟುಕೊಂಡ ಲ್ಯಾಪ್‌ಟಾಪಿನಲ್ಲಿ ನೇರವಾಗಿ ಆ ಆಟ ಬೇಡ.

ಹೆಜ್ಜೆ 2: ಯಾತಕ್ಕೆ ಕಲಿಯುತ್ತೀರಿ ಅಂತ ತೀರ್ಮಾನಿಸಿ

ಪರೀಕ್ಷೆಗೆ ಆದರೆ ಈ ಲೇಖನ ಇಲ್ಲಿಗೇ ಬಿಡಬಹುದು. ನಾವೆಲ್ಲ 'ಗ್ಯಾಲ್ವಿನ್' ಅಂತ ಕರೆಯುವ, ಮುಖಪುಟದಲ್ಲಿ ಡೈನೋಸಾರ್ ಇರುವ ಪುಸ್ತಕ ಸಾಕು. ಅದರ 10ನೇ ಆವೃತ್ತಿ 2018ರದ್ದು. ಆದರೆ ಅದು ಆಪರೇಟಿಂಗ್ ಸಿಸ್ಟಂನ ತತ್ವ ಹೇಳುವ ಪುಸ್ತಕ, ಕರ್ನೆಲ್ ಕೋಡ್ ಓದಿಸುವ ಪುಸ್ತಕ ಅಲ್ಲ.

ಕೋಡ್ ಓದಿ ಅರ್ಥ ಮಾಡಿಕೊಳ್ಳಬೇಕಾ, ಹಾರ್ಡ್‌ವೇರ್ ನಡೆಸುವ ಡ್ರೈವರ್ ಬರೆಯಬೇಕಾ, ಅಥವಾ ಪ್ರೋಗ್ರಾಂಗಳು ಕೆಲಸ ಕೇಳಲು ಕರ್ನೆಲ್ ಕೊಡುವ ಸಿಸ್ಟಂ ಕಾಲ್‌ಗಳನ್ನು ಹೊರಗಿನಿಂದ ಬಳಸಿದರೆ ಸಾಕಾ? ಇವು ಮೂರು ಬೇರೆ ಬೇರೆ ದಾರಿ. ಪುಸ್ತಕಗಳು ಹಳೆಯದಾಗುವ ವೇಗವೂ ಬೇರೆ ಬೇರೆ.

ಅದಕ್ಕೆ ಕಾರಣ ಉಂಟು. ಹೊರಗಿನ ಪ್ರೋಗ್ರಾಂಗಳಿಗೆ ಕೊಟ್ಟ ಬಾಗಿಲುಗಳನ್ನು ಕರ್ನೆಲ್ ತಂಡ ಮುಚ್ಚುವುದಿಲ್ಲ. ಇವತ್ತು ಓಡುವ ಪ್ರೋಗ್ರಾಂ ನಾಳಿನ ಕರ್ನೆಲ್‌ನಲ್ಲೂ ಓಡಬೇಕು ಅನ್ನುವುದು ಲಿನಕ್ಸ್ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ ಗಟ್ಟಿಯಾಗಿ ಹಿಡಿದುಕೊಂಡ ನಿಯಮ. ಹಾಗಾಗಿ ಮೈಕಲ್ ಕೆರಿಸ್ಕ್ 2010ರಲ್ಲಿ ಬರೆದ 'ದಿ ಲಿನಕ್ಸ್ ಪ್ರೋಗ್ರಾಮಿಂಗ್ ಇಂಟರ್‌ಫೇಸ್' ಇವತ್ತಿಗೂ ಕೈಯಲ್ಲಿ ಹಿಡಿದು ಓದಬಹುದಾದ ಪುಸ್ತಕ. ಹೊಸ ಸಿಸ್ಟಂ ಕಾಲ್‌ಗಳು ಅದರಲ್ಲಿ ಇಲ್ಲ, ಆದರೆ ಇರುವುದು ಹಾಳಾಗಿಲ್ಲ.

ಕರ್ನೆಲ್‌ನ ಒಳಗಿನ ಕಥೆ ಪೂರ್ತಿ ಉಲ್ಟಾ. ಒಳಗಿನ ಫಂಕ್ಷನ್‌ಗಳನ್ನು ಯಾವಾಗ ಬೇಕಾದರೂ ಬದಲಿಸುತ್ತೇವೆ, ಅದು ಸ್ಥಿರವಾಗಿರಲಿ ಅಂತ ಕೇಳಬೇಡಿ ಅಂತ ಅವರೇ ಬರೆದಿಟ್ಟಿದ್ದಾರೆ. ಕರ್ನೆಲ್ ಸೋರ್ಸ್‌ನ ಡಾಕ್ಯುಮೆಂಟೇಶನ್ ಫೋಲ್ಡರಿನಲ್ಲಿ 'ಸ್ಟೇಬಲ್ ಎಪಿಐ ನಾನ್‌ಸೆನ್ಸ್' ಅನ್ನುವ ಒಂದು ಫೈಲ್ ಉಂಟು. ಬರೆದವರು ಕರ್ನೆಲ್ ತಂಡದ ಗ್ರೆಗ್ ಕ್ರೋವಾ-ಹಾರ್ಟ್‌ಮನ್. ಒಂದು ಫಂಕ್ಷನ್ ಸರಿಯಿಲ್ಲ ಅನ್ನಿಸಿದರೆ ಅದನ್ನು ಬದಲಿಸಿ, ಕರ್ನೆಲ್ ಒಳಗೆ ಅದನ್ನು ಬಳಸುವ ಎಲ್ಲಾ ಜಾಗವನ್ನೂ ಅವರೇ ಸರಿಮಾಡುತ್ತಾರೆ. ಹೊರಗೆ ಅಚ್ಚಾದ ಪುಸ್ತಕವನ್ನು ಯಾರು ಸರಿಮಾಡಬೇಕು? ಡ್ರೈವರ್ ಪುಸ್ತಕಗಳು ಬೇಗ ಹಳಸುವುದು ಇದಕ್ಕೇ. ಪುಸ್ತಕ ತಗೊಳ್ಳುವ ಮೊದಲು ಈ ಫೈಲನ್ನೇ ಓದಿ. ಕೆಲವೇ ಪುಟ, ದುಡ್ಡೂ ಬೇಡ.

ಹೆಜ್ಜೆ 3: ಪುಸ್ತಕದ ಕರ್ನೆಲ್ ನಂಬರ್ ಹುಡುಕಿ

ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ನಮ್ಮಲ್ಲಿ ಜನ ಮೋಸ ಹೋಗುವುದು ಇಲ್ಲೇ. ಮಂಗಳೂರಿನ ಹಂಪನಕಟ್ಟೆಯ ಸುತ್ತಮುತ್ತಲ ಯಾವುದೇ ಪುಸ್ತಕದ ಅಂಗಡಿಯಲ್ಲಿ ನಡೆಯಬಹುದಾದ ಮಾತು ಇದು:

"ಇದರ ಹೊಸ ಎಡಿಷನ್ ಉಂಟಾ ಸರ್?"

"ಇದೇ ಹೊಸದು ಮಾರಾಯ್ರೆ. ಒಳಗೆ ನೋಡಿ, ಹೋದ ವರ್ಷದ ಪ್ರಿಂಟ್."

ಅಂಗಡಿಯವರು ಸುಳ್ಳು ಹೇಳುವುದಿಲ್ಲ. ಪ್ರಿಂಟ್ ಹೋದ ವರ್ಷದ್ದೇ. ಭಾರತದಲ್ಲಿ ಕಡಿಮೆ ಬೆಲೆಗೆ ಸಿಗುವ ತಾಂತ್ರಿಕ ಪುಸ್ತಕಗಳು ಹೆಚ್ಚಾಗಿ ಇಲ್ಲೇ ಮರುಮುದ್ರಣ ಆದವು. ಕಾಪಿರೈಟ್ ಪುಟ ತೆರೆದು ಮೇಲಿನಿಂದ ಕೆಳಗೆ ಓದಿ. ಮೇಲೆ ಎಲ್ಲೋ ಸಣ್ಣ ಅಕ್ಷರದಲ್ಲಿ ಆವೃತ್ತಿಯ ಸಂಖ್ಯೆ ಮತ್ತು ಅದು ಮೊದಲು ಬಂದ ತಿಂಗಳು, ವರ್ಷ ಇರುತ್ತದೆ. ಡಿವೈಸ್ ಡ್ರೈವರ್ಸ್ ಪುಸ್ತಕದಲ್ಲಿ ಅದು ಮೂರನೇ ಆವೃತ್ತಿ, ಫೆಬ್ರವರಿ 2005. ಅದರ ಕೆಳಗೆ ಭಾರತೀಯ ಮರುಮುದ್ರಣದ ಸಾಲು, ಅಲ್ಲಿ ಇತ್ತೀಚಿನ ಯಾವುದೋ ವರ್ಷ. ಅಂಗಡಿಯವರು ತೋರಿಸುವುದು ಕೆಳಗಿನ ಸಾಲನ್ನು. ನಿಮಗೆ ಬೇಕಾದದ್ದು ಮೇಲಿನದ್ದು.

ಆ ವರ್ಷವನ್ನೂ ಪೂರ್ತಿ ನಂಬಬೇಡಿ. ಮುನ್ನುಡಿಗೆ ಹೋಗಿ. ಒಳ್ಳೆಯ ಕರ್ನೆಲ್ ಪುಸ್ತಕ ಬರೆದವರು ಯಾವ ಕರ್ನೆಲ್ ಇಟ್ಟುಕೊಂಡು ಬರೆದೆವು ಅಂತ ಅಲ್ಲೇ ಹೇಳಿರುತ್ತಾರೆ. ಡಿವೈಸ್ ಡ್ರೈವರ್ಸ್ ಮೂರನೇ ಆವೃತ್ತಿ 2.6.10 ಆಧರಿಸಿದ್ದು. ಬೋವೆಟ್–ಚೆಸಾಟಿಯವರ 'ಅಂಡರ್‌ಸ್ಟ್ಯಾಂಡಿಂಗ್ ದ ಲಿನಕ್ಸ್ ಕರ್ನೆಲ್' ಮೂರನೇ ಆವೃತ್ತಿ 2.6.11. ವುಲ್ಫ್‌ಗ್ಯಾಂಗ್ ಮೌರರ್ 2008ರಲ್ಲಿ ತಂದ ದಪ್ಪ ಪುಸ್ತಕ 2.6.24. ಮೆಲ್ ಗೋರ್ಮನ್ 2004ರಲ್ಲಿ ವರ್ಚುವಲ್ ಮೆಮರಿ ಬಗ್ಗೆ ಬರೆದದ್ದು 2.4.

ಮುನ್ನುಡಿಯಲ್ಲಿ ಕರ್ನೆಲ್ ನಂಬರೇ ಇಲ್ಲದ ಪುಸ್ತಕ ಸಿಕ್ಕಿದರೆ ವಾಪಸ್ ಇಟ್ಟುಬಿಡಿ. ಆನ್‌ಲೈನ್ ಅಂಗಡಿಗಳಲ್ಲಿ ಈಗ ಇಂಥವು ತುಂಬಾ ಕಾಣಿಸುತ್ತವೆ. ಮುಖಪುಟದ ಮೇಲೆ ಈ ವರ್ಷದ ಇಸವಿ, ಹೊಳೆಯುವ ಚಿತ್ರ. ಒಳಗೆ ಯಾವ ಕರ್ನೆಲ್, ಯಾವ ಕಂಪೈಲರ್ ಅಂತ ಒಂದು ಮಾತಿಲ್ಲ. ಸ್ಯಾಂಪಲ್ ಪುಟಗಳನ್ನು ನೋಡದೆ ಇಂಥದ್ದಕ್ಕೆ ದುಡ್ಡು ಹಾಕಬೇಡಿ.

ಹೊಸ ಪುಸ್ತಕಗಳ ಲೇಖಕರು ಸಾಮಾನ್ಯವಾಗಿ ಎಲ್‌ಟಿಎಸ್ ಕರ್ನೆಲ್ ಆಯ್ದುಕೊಳ್ಳುತ್ತಾರೆ. ಅಂದರೆ ಹಲವು ವರ್ಷ ರಿಪೇರಿ ಸಿಗುವ ಆವೃತ್ತಿ. 5.4, 5.10, 5.15, 6.1, 6.6, 6.12 ಇವೆಲ್ಲ ಹಾಗೆ. ಮುನ್ನುಡಿಯಲ್ಲಿ ಇವುಗಳಲ್ಲಿ ಒಂದು ನಂಬರ್ ಕಂಡರೆ ಲೇಖಕರು ಯೋಚನೆ ಮಾಡಿ ಕೂತಿದ್ದಾರೆ ಅನ್ನಬಹುದು.

ಹೆಜ್ಜೆ 4: ಹಿಂದಿನ ಪುಟಗಳ ಇಂಡೆಕ್ಸ್ ನೋಡಿ

ಮುನ್ನುಡಿಯಲ್ಲಿ ದೊಡ್ಡ ನಂಬರ್ ಹಾಕಿ ಒಳಗೆ ಹಳೆ ಸರಕನ್ನೇ ಉಳಿಸಿಕೊಂಡ ಪುಸ್ತಕಗಳೂ ಇರುತ್ತವೆ. ಅದಕ್ಕೆ ಇಂಡೆಕ್ಸ್‌ನಲ್ಲಿ ಕೆಲವು ಹೆಸರುಗಳನ್ನು ಹುಡುಕಬೇಕು. ಲೈಬ್ರರಿಯಲ್ಲಿ ನಿಂತಲ್ಲೇ ಮಾಡಬಹುದಾದ ಕೆಲಸ.

ಯಾವ ಪ್ರೊಸೆಸ್‌ಗೆ ಯಾವಾಗ ಸಿಪಿಯು ಅಂತ ತೀರ್ಮಾನಿಸುವ ಶೆಡ್ಯೂಲರ್‌ನಿಂದ ಶುರು ಮಾಡಿ. ಪುಸ್ತಕದಲ್ಲಿ 'ಓ-ಒನ್' ಶೆಡ್ಯೂಲರ್ ಮಾತ್ರ ಇದ್ದರೆ ಅದು 2007ಕ್ಕಿಂತ ಹಿಂದಿನದ್ದು. ಆ ವರ್ಷದ ಅಕ್ಟೋಬರ್‌ನಲ್ಲಿ ಬಂದ 2.6.23ರಲ್ಲಿ ಇಂಗೊ ಮೊಲ್ನಾರ್ ಅವರ ಸಿಎಫ್‌ಎಸ್ ಅನ್ನುವ ಶೆಡ್ಯೂಲರ್ ಒಳಗೆ ಬಂತು. ಅದು ಹದಿನಾರು ವರ್ಷ ನಡೆಯಿತು. 2023ರ ಅಕ್ಟೋಬರ್‌ನ 6.6ರಲ್ಲಿ ಇಇವಿಡಿಎಫ್ ಅನ್ನುವ ಹೊಸ ಲೆಕ್ಕಾಚಾರ ಆ ಜಾಗಕ್ಕೆ ಬಂತು. ಇಇವಿಡಿಎಫ್ ಹೆಸರು ಕಂಡರೆ ಪುಸ್ತಕ ನಿಜಕ್ಕೂ ಹೊಸತು.

ಒಂದೇ ಡೇಟಾವನ್ನು ಇಬ್ಬರು ಒಟ್ಟಿಗೆ ಮುಟ್ಟದ ಹಾಗೆ ತಡೆಯುವ ಲಾಕ್‌ಗಳ ಅಧ್ಯಾಯದಲ್ಲಿ 'ಬಿಗ್ ಕರ್ನೆಲ್ ಲಾಕ್' ಈಗಲೂ ಬಳಕೆಯಲ್ಲಿದೆ ಅನ್ನುವ ಹಾಗೆ ಬರೆದಿದ್ದರೆ ಪುಸ್ತಕ 2011ಕ್ಕಿಂತ ಹಿಂದಿನದ್ದು. 2.6.39ರಲ್ಲಿ ಅದನ್ನು ತೆಗೆದೇಬಿಟ್ಟರು. ಇತಿಹಾಸ ಅಂತ ಹೇಳಿದ್ದರೆ ತಕರಾರಿಲ್ಲ.

ಟೈಮರ್ ಉದಾಹರಣೆಯಲ್ಲಿ 'ಇನಿಟ್_ಟೈಮರ್' ಇದ್ದರೆ 4.15ಕ್ಕಿಂತ ಹಿಂದಿನ ಕೋಡ್, 'ಟೈಮರ್_ಸೆಟಪ್' ಇದ್ದರೆ ಈಗಿನದ್ದು. ಕರ್ನೆಲ್‌ನ ಮಾಹಿತಿ ತೋರಿಸುವ ಪ್ರಾಕ್ ಫೈಲ್ ಮಾಡುವ ಜಾಗದಲ್ಲಿ 'ಪ್ರಾಕ್_ಆಪ್ಸ್' ಇದ್ದರೆ 2020ರ 5.6 ಅಥವಾ ಅದರ ನಂತರದ್ದು. ಮೆಮರಿ ಅಧ್ಯಾಯದಲ್ಲಿ 'ಮೇಪಲ್ ಟ್ರೀ' ಇದ್ದರೆ 2022ರ ಕೊನೆಗೆ ಬಂದ 6.1 ತಿಳಿದವರು ಬರೆದದ್ದು. ಪ್ರೊಸೆಸ್‌ನ ಮೆಮರಿ ಪ್ರದೇಶಗಳ ಲೆಕ್ಕ ಇಡಲು ಅಲ್ಲಿಯವರೆಗೆ ಇದ್ದದ್ದು ರೆಡ್-ಬ್ಲ್ಯಾಕ್ ಟ್ರೀ. ಮೆಮರಿ ಹಂಚುವ ಸ್ಲ್ಯಾಬ್, ಸ್ಲಬ್, ಸ್ಲಾಬ್ ಮೂರರಲ್ಲಿ ಯಾವುದನ್ನು ಬೇಕಾದರೂ ಆಯ್ದುಕೊಳ್ಳಬಹುದು ಅಂತ ಪುಸ್ತಕ ಹೇಳಿದರೆ ಅದೂ ಹಳೆ ಮಾತು. 6.8 ಹೊತ್ತಿಗೆ ಉಳಿದದ್ದು ಸ್ಲಬ್ ಒಂದೇ.

ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ ಸಾಕು.

ಹಳೆಯದು ಅಂತ ಬಿಸಾಡಬೇಡಿ

ಇಷ್ಟು ಓದಿದ ಮೇಲೆ ಹಳೆ ಪುಸ್ತಕ ಮುಟ್ಟುವುದೇ ಬೇಡ ಅನ್ನಿಸಬಹುದು. ಹಾಗಲ್ಲ. ಹತ್ತು ಹದಿನೈದು ವರ್ಷದ ಹಿಂದೆ ಮಂಗಳೂರು ಬಿಟ್ಟು ಹೋದವರಿಗೆ ಊರಿನ ನಕ್ಷೆ ತಲೆಯಲ್ಲಿ ಸರಿಯಾಗಿಯೇ ಇರುತ್ತದೆ, ಒನ್‌ವೇ ಮಾತ್ರ ಗೊತ್ತಿರುವುದಿಲ್ಲ. ಹಳೆ ಕರ್ನೆಲ್ ಪುಸ್ತಕವೂ ಹಾಗೆ.

ಫೈಲ್ ಸಿಸ್ಟಂ ಪದರವನ್ನೇ ನೋಡಿ. ಸೂಪರ್‌ಬ್ಲಾಕ್, ಐನೋಡ್, ಡೆಂಟ್ರಿ, ಫೈಲ್ ಅನ್ನುವ ನಾಲ್ಕು ವಸ್ತುಗಳು 2005ರಲ್ಲಿ ಹೇಗೆ ಕೆಲಸ ಹಂಚಿಕೊಂಡಿದ್ದವೋ ಇವತ್ತೂ ಹಾಗೆಯೇ. ಇಂಟರಪ್ಟ್ ಬಂದಾಗ ತುರ್ತು ಕೆಲಸ ಮೊದಲು, ಉಳಿದದ್ದು ಆಮೇಲೆ ಅನ್ನುವ ವಿಂಗಡಣೆ ಹಾಗೆಯೇ ಉಂಟು. ಒಂದು ಪ್ರೊಸೆಸ್‌ನ ಜಾತಕವೆಲ್ಲ ಇರುವ 'ಟಾಸ್ಕ್_ಸ್ಟ್ರಕ್ಟ್' ಈಗಲೂ 'ಶೆಡ್' ಹೆಸರಿನ ಅದೇ ಹೆಡರ್ ಫೈಲ್‌ನಲ್ಲಿದೆ. ಸ್ಪಿನ್‌ಲಾಕ್ ಹಿಡಿದುಕೊಂಡು ನಿದ್ದೆ ಹೋಗಬಾರದು ಅನ್ನುವ ನಿಯಮವೂ ಬದಲಾಗಿಲ್ಲ. ಈ ಅಧ್ಯಾಯಗಳನ್ನು ರಾಬರ್ಟ್ ಲವ್ ಅವರ 'ಲಿನಕ್ಸ್ ಕರ್ನೆಲ್ ಡೆವಲಪ್‌ಮೆಂಟ್'ನಲ್ಲೇ ಓದಿ ಅನ್ನುತ್ತೇನೆ. ಅಷ್ಟು ಸಣ್ಣದಾಗಿ, ಅಷ್ಟು ಬಿಡಿಸಿ ಹೇಳಿದ ಪುಸ್ತಕ ಆಮೇಲೆ ಬಂದಂತೆ ನನಗೆ ಕಾಣುವುದಿಲ್ಲ. ಆದರೆ ಅದರ ಕೋಡ್ ತುಣುಕುಗಳನ್ನು ನಕಲು ಮಾಡಿ ಕಂಪೈಲ್ ಮಾಡಲು ಹೋಗಬೇಡಿ.

ಹೆಜ್ಜೆ 5: ಇವತ್ತಿಗೆ ಯಾವುದು ತಗೊಳ್ಳಬೇಕು

ಒಂದೇ ಒಂದು ಕೊಳ್ಳಲು ದುಡ್ಡಿದ್ದರೆ ಕೈವಾನ್ ಬಿಲಿಮೋರಿಯಾ ಅವರ 'ಲಿನಕ್ಸ್ ಕರ್ನೆಲ್ ಪ್ರೋಗ್ರಾಮಿಂಗ್' ಎರಡನೇ ಆವೃತ್ತಿ. 2024ರಲ್ಲಿ ಪ್ಯಾಕ್ಟ್ ಪ್ರಕಾಶನ ತಂದದ್ದು, 6.1 ಕರ್ನೆಲ್ ಆಧರಿಸಿದ್ದು. 2021ರ ಮೊದಲ ಆವೃತ್ತಿ 5.4 ಆಧರಿಸಿದ್ದು. ಅಂಗಡಿಯಲ್ಲಿ ಎರಡೂ ಒಟ್ಟಿಗೆ ಓಡಾಡುತ್ತಿರುತ್ತವೆ, ಹುಷಾರು. ಪುಸ್ತಕ ದಪ್ಪ. ವಿವರಣೆ ಕೆಲವು ಕಡೆ ಎಳೆದಂತೆ ಅನ್ನಿಸುತ್ತದೆ. ಆದರೆ ಹೊಸಬರಿಗೆ ಕರ್ನೆಲ್ ಕಟ್ಟುವುದರಿಂದ ಹಿಡಿದು ಮಾಡ್ಯೂಲ್, ಮೆಮರಿ, ಶೆಡ್ಯೂಲರ್, ಲಾಕ್‌ವರೆಗೆ ಕೈ ಹಿಡಿದು ನಡೆಸುತ್ತದೆ.

ಡ್ರೈವರ್ ಕಡೆಗೆ ಹೋಗುವವರು ಜಾನ್ ಮಡಿಯೂ ಅವರ 'ಲಿನಕ್ಸ್ ಡಿವೈಸ್ ಡ್ರೈವರ್ ಡೆವಲಪ್‌ಮೆಂಟ್' ನೋಡಬಹುದು. ಎರಡನೇ ಆವೃತ್ತಿ 2022ರದ್ದು. ಎಂಬೆಡೆಡ್ ಬೋರ್ಡ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಹೆಚ್ಚು ಉಪಯೋಗ.

ದುಡ್ಡು ಕೊಡದೆ ಸಿಗುವುದರಲ್ಲಿ 'ಲಿನಕ್ಸ್ ಕರ್ನೆಲ್ ಮಾಡ್ಯೂಲ್ ಪ್ರೋಗ್ರಾಮಿಂಗ್ ಗೈಡ್' ಮೊದಲನೆಯದು. ಹಳೆ ಹೆಸರು, ಆದರೆ ಈಗ ಗಿಟ್‌ಹಬ್‌ನಲ್ಲಿ ಕೆಲವರು ಸೇರಿ ಹೊಸ ಕರ್ನೆಲ್‌ಗಳಿಗೆ ಹೊಂದಿಸಿ ಇಟ್ಟಿದ್ದಾರೆ. ಸಣ್ಣದು, ಎರಡು ಮೂರು ಭಾನುವಾರದಲ್ಲಿ ಮುಗಿಯುತ್ತದೆ. ಬೂಟ್ಲಿನ್ ಸಂಸ್ಥೆ ತನ್ನ ತರಬೇತಿಯ ಸ್ಲೈಡ್‌ಗಳನ್ನು ಪೂರ್ತಿ ತೆರೆದಿಟ್ಟಿದೆ. ಆಗಾಗ ತಿದ್ದುತ್ತಾರೆ ಕೂಡ. ಡಿವೈಸ್ ಡ್ರೈವರ್ಸ್ ಮೂರನೇ ಆವೃತ್ತಿಯನ್ನು ಕಾನೂನುಬದ್ಧವಾಗಿಯೇ ಲಿನಕ್ಸ್ ಸುದ್ದಿ ತಾಣ ಎಲ್‌ಡಬ್ಲ್ಯುಎನ್‌ನಿಂದ ಇಳಿಸಿಕೊಳ್ಳಬಹುದು. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇರುವ ಪುಸ್ತಕ ಅದು. ಅದಕ್ಕೆ ದುಡ್ಡು ಕೊಟ್ಟು ಹಳೆ ಮರುಮುದ್ರಣ ಕೊಳ್ಳುವುದು ಸುಮ್ನೆ ದಂಡ.

ವಿಂಡೋಸ್ ಒಳಗಿನದ್ದು ಬೇಕಾದವರಿಗೆ 'ವಿಂಡೋಸ್ ಇಂಟರ್ನಲ್ಸ್' ಏಳನೇ ಆವೃತ್ತಿ, ಮೊದಲ ಭಾಗ 2017, ಎರಡನೆಯದು 2021. ಫ್ರೀಬಿಎಸ್‌ಡಿ ಆದರೆ ಮೆಕ್‌ಕ್ಯೂಸಿಕ್ ಮತ್ತು ಗೆಳೆಯರ 2014ರ ಎರಡನೇ ಆವೃತ್ತಿ. ಇವುಗಳ ಬಗ್ಗೆ ಇಷ್ಟು ಸಾಕು.

ನೇರ ಲಿನಕ್ಸ್‌ಗೆ ಹಾರುವುದು ಕಷ್ಟ ಅನ್ನಿಸಿದರೆ

ಲಿನಕ್ಸ್ ಸೋರ್ಸ್ ಈಗ 3 ಕೋಟಿ ಸಾಲುಗಳಿಗೂ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಡ್ರೈವರ್‌ಗಳದ್ದೇ ಆದರೂ ಹೊಸಬರಿಗೆ ಗಾಬರಿ ಸಹಜ. ಅಂಥವರಿಗೆ ಎಕ್ಸ್‌ವಿ6 ಉಂಟು. ಎಂಐಟಿಯವರು ಪಾಠಕ್ಕಾಗಿ ಬರೆದ ಪುಟ್ಟ ಕರ್ನೆಲ್. ಎಂಐಟಿ ಅಂದರೆ ನಮ್ಮ ಮಣಿಪಾಲದ್ದಲ್ಲ ಮಾರಾಯ್ರೆ, ಅಮೆರಿಕದ ಮ್ಯಾಸಚೂಸೆಟ್ಸ್‌ನದ್ದು. ಹತ್ತು ಸಾವಿರ ಸಾಲಿಗೂ ಕಡಿಮೆ. ರಿಸ್ಕ್-ಫೈವ್ ಪ್ರೊಸೆಸರ್‌ಗೆ ಬರೆದದ್ದು, ಬೇರೆ ಪ್ರೊಸೆಸರನ್ನು ಅನುಕರಿಸುವ ಕ್ಯೂಎಮು ಒಳಗೆ ಓಡುತ್ತದೆ. ಜೊತೆಗಿನ ಪುಸ್ತಕ ಸುಮಾರು ನೂರು ಪುಟ, ಪಿಡಿಎಫ್ ಉಚಿತ. ಪುಸ್ತಕ ಮತ್ತು ಕೋಡ್ ಎರಡನ್ನೂ ಒಂದೇ ತಂಡ ಒಟ್ಟಿಗೆ ತಿದ್ದುತ್ತದೆ. ಹಾಗಾಗಿ ನಮ್ಮ ಹಳೆ–ಹೊಸ ತಕರಾರು ಇಲ್ಲಿ ಏಳುವುದೇ ಇಲ್ಲ. ಹೊಸ ಪಿಡಿಎಫ್ ಜೊತೆ ಹೊಸ ಕೋಡ್ ಇಳಿಸಿಕೊಂಡರೆ ಆಯಿತು.

ಇದರ ಹಿಂದೆ ಒಂದು ಹಳೆ ಕಥೆಯೂ ಉಂಟು. ಆಸ್ಟ್ರೇಲಿಯಾದ ಜಾನ್ ಲಯನ್ಸ್ ಅನ್ನುವ ಮೇಷ್ಟ್ರು 1976ರಲ್ಲಿ ಯುನಿಕ್ಸ್ ಆರನೇ ಆವೃತ್ತಿಯ ಕೋಡ್‌ಗೆ ಸಾಲು ಸಾಲಾಗಿ ವಿವರಣೆ ಬರೆದರು. ಲೈಸೆನ್ಸ್ ತೊಡಕಿನಿಂದ ಅದು ಪುಸ್ತಕವಾಗಿ ಬಂದದ್ದು 1996ರಲ್ಲಿ. ನಡುವಿನ ಇಪ್ಪತ್ತು ವರ್ಷ ಜಗತ್ತಿನ ಕಂಪ್ಯೂಟರ್ ವಿದ್ಯಾರ್ಥಿಗಳು ಅದನ್ನು ಜೆರಾಕ್ಸ್ ಮೇಲೆ ಜೆರಾಕ್ಸ್ ಮಾಡಿ ಓದಿದರು. ಎಕ್ಸ್‌ವಿ6 ಕಟ್ಟಿರುವುದು ಅದೇ ಆರನೇ ಆವೃತ್ತಿಯ ಜಾಡು ಹಿಡಿದು.

ತತ್ವದ ಭಾಗಕ್ಕೆ ಎಕ್ಸ್‌ವಿ6 ಜೊತೆ 'ಆಪರೇಟಿಂಗ್ ಸಿಸ್ಟಮ್ಸ್: ತ್ರೀ ಈಸಿ ಪೀಸಸ್' ಇಟ್ಟುಕೊಳ್ಳಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಪಾಚಿ-ಡುಸ್ಸೋ ದಂಪತಿ ಬರೆದದ್ದು, ಅಧ್ಯಾಯಗಳ ಪಿಡಿಎಫ್ ಉಚಿತ. ಗ್ಯಾಲ್ವಿನ್ ಓದಿ ನಿದ್ದೆ ಬಂದವರಿಗೆ ಇದು ಎಚ್ಚರ ಮಾಡಿಸುತ್ತದೆ.

ಹೆಜ್ಜೆ 6: ಹಳೆ ಪುಸ್ತಕವನ್ನು ಹೊಸ ಕರ್ನೆಲ್‌ಗೆ ಜೋಡಿಸಿ

ನನ್ನ ಮಟ್ಟಿಗೆ ಕಲಿಕೆ ಜಾಸ್ತಿ ಆಗುವುದು ಈ ಹೆಜ್ಜೆಯಲ್ಲಿ. ಡಿವೈಸ್ ಡ್ರೈವರ್ಸ್ ಪುಸ್ತಕದ 'ಸ್ಕಲ್' ಅನ್ನುವ ಉದಾಹರಣೆ ಡ್ರೈವರ್ ತಗೊಳ್ಳಿ. ನಿಜವಾದ ಹಾರ್ಡ್‌ವೇರ್ ಬೇಡ, ಮೆಮರಿಯ ಒಂದು ತುಂಡನ್ನೇ ಡಿವೈಸ್ ಅಂತ ತೋರಿಸುವ ಡ್ರೈವರ್ ಅದು. 6.1 ಇರುವ ಯಂತ್ರದಲ್ಲಿ ಕಂಪೈಲ್ ಮಾಡಿ.

ಮೊದಲು 'ಕಾನ್ಫಿಗ್' ಹೆಡರ್ ಫೈಲ್ ಇಲ್ಲ ಅನ್ನುತ್ತದೆ. ಆ ಸಾಲು ಅಳಿಸಿ, ಅದು ಈಗ ಬೇಕಾಗಿಲ್ಲ. ಆಮೇಲೆ 'ಇನಿಟ್_ಮ್ಯೂಟೆಕ್ಸ್' ಗೊತ್ತಿಲ್ಲ ಅನ್ನುತ್ತದೆ. ಹೆಸರಿನಲ್ಲಿ ಮ್ಯೂಟೆಕ್ಸ್ ಇದ್ದರೂ ಅದು ತಯಾರು ಮಾಡುತ್ತಿದ್ದದ್ದು ಸೆಮಾಫೋರ್ ಅನ್ನುವ ಇನ್ನೊಂದು ಬಗೆಯ ಲಾಕನ್ನು. ನಿಜವಾದ ಮ್ಯೂಟೆಕ್ಸ್ ಕರ್ನೆಲ್‌ಗೆ ಬಂದದ್ದು 2006ರಲ್ಲಿ, 2.6.16ರಲ್ಲಿ. ಈಗ 'ಮ್ಯೂಟೆಕ್ಸ್_ಇನಿಟ್' ಬಳಸಬೇಕು. ಸ್ಟ್ರಕ್ಚರ್ ಒಳಗಿನ ಸೆಮಾಫೋರನ್ನೂ ಮ್ಯೂಟೆಕ್ಸ್ ಮಾಡಬೇಕು. ಮುಂದೆ 'ಐಆಕ್ಟಲ್' ಅನ್ನುವ ಸದಸ್ಯನೇ ಇಲ್ಲ ಅನ್ನುತ್ತದೆ. ಅದು ಬಿಗ್ ಕರ್ನೆಲ್ ಲಾಕ್ ಹಿಡಿದುಕೊಂಡು ಓಡುತ್ತಿತ್ತು. ಲಾಕ್ ತೆಗೆಯುವ ದಾರಿಯಲ್ಲಿ 2.6.36ರಲ್ಲಿ ಅದೂ ಹೋಯಿತು. ಉಳಿದದ್ದು 'ಅನ್‌ಲಾಕ್ಡ್_ಐಆಕ್ಟಲ್'. 'ಆಕ್ಸೆಸ್_ಓಕೆ'ಗೆ ಮೂರು ಆರ್ಗ್ಯುಮೆಂಟ್ ಕೊಟ್ಟಿದ್ದೀರಿ ಅಂತ ಬೈದರೆ ಮೊದಲನೆಯದನ್ನು ತೆಗೆಯಿರಿ. ಅದು 2019ರ 5.0 ಮಾಡಿದ ಬದಲಾವಣೆ.

ಹೀಗೆ ಪ್ರತಿ ಎರರ್ ಹಿಂದೆಯೂ ಒಂದು ಕಾರಣ ಇರುತ್ತದೆ. ಆ ಕಾರಣ ಹುಡುಕುವುದು ಹೇಗೆ? ಬೂಟ್ಲಿನ್‌ನವರ 'ಎಲಿಕ್ಸರ್' ತಾಣಕ್ಕೆ ಹೋಗಿ ಎರರ್‌ನಲ್ಲಿ ಬಂದ ಹೆಸರನ್ನು ಹುಡುಕಿ. ಪಕ್ಕದಲ್ಲಿ ಆವೃತ್ತಿಗಳ ಪಟ್ಟಿ ಇರುತ್ತದೆ. ಒಂದೊಂದೇ ಒತ್ತುತ್ತಾ ಹೋದರೆ ಯಾವ ಆವೃತ್ತಿಯವರೆಗೆ ಆ ಹೆಸರು ಇತ್ತು, ಯಾವಾಗ ಮಾಯವಾಯಿತು ಅಂತ ಗೊತ್ತಾಗುತ್ತದೆ. ಆಮೇಲೆ ನಿಮ್ಮ ಹತ್ತಿರ ಕೋಡ್‌ನ ಬದಲಾವಣೆಗಳನ್ನೆಲ್ಲ ದಾಖಲಿಸುವ ಗಿಟ್‌ನ ಪೂರ್ತಿ ಪ್ರತಿ ಇದ್ದರೆ 'ಗಿಟ್ ಲಾಗ್ -ಎಸ್' ಜೊತೆ ಅದೇ ಹೆಸರು ಕೊಡಿ. ಎಸ್ ದೊಡ್ಡಕ್ಷರ. ಆ ಹೆಸರನ್ನು ತೆಗೆದ ಕಮಿಟ್ (ಬದಲಾವಣೆಯ ದಾಖಲೆ) ಸಿಗುತ್ತದೆ. ಯಾಕೆ ತೆಗೆದೆವು ಅಂತ ಅದರ ಸಂದೇಶದಲ್ಲಿ ಬರೆದಿರುತ್ತಾರೆ. ಯಾವ ಪಠ್ಯಪುಸ್ತಕವೂ ಕೊಡದ ವಿವರ ಅದು. ದೊಡ್ಡ ಬದಲಾವಣೆ ಆಗಿದ್ದರೆ ಎಲ್‌ಡಬ್ಲ್ಯುಎನ್‌ನಲ್ಲಿ ಅದರ ಬಗ್ಗೆ ಲೇಖನವೂ ಇರುತ್ತದೆ. ಹೊಸ ಲೇಖನಗಳು ಮೊದಲು ಚಂದಾದಾರರಿಗೆ ಮಾತ್ರ, ಸ್ವಲ್ಪ ದಿನ ಕಳೆದರೆ ಎಲ್ಲರಿಗೂ ತೆರೆಯುತ್ತವೆ.

ಕರ್ನೆಲ್‌ನ ಗಿಟ್ ಇತಿಹಾಸ ಶುರುವಾಗುವುದು 2005ರ ಏಪ್ರಿಲ್‌ನ 2.6.12-ಆರ್‌ಸಿ2ರಿಂದ. ಅಂದರೆ 2005ರ ಆ ಎರಡು ಹಳೆ ಪುಸ್ತಕಗಳು ನಿಂತ ಜಾಗದಿಂದಲೇ ಹೆಚ್ಚುಕಡಿಮೆ ಇದು ಮುಂದುವರಿಯುತ್ತದೆ. ನಡುವಿನ ಅಷ್ಟೂ ವರ್ಷದ ಬದಲಾವಣೆ ಅದರೊಳಗೆ ಉಂಟು. ಪೂರ್ತಿ ಪ್ರತಿ ಹಲವು ಜಿಬಿ ಆಗುತ್ತದೆ. ಮಳೆಗಾಲದಲ್ಲಿ ಮನೆಯ ಕರೆಂಟು, ಇಂಟರ್ನೆಟ್ ಎರಡನ್ನೂ ನಂಬಿ ಇಳಿಸಲು ಕೂರಬೇಡಿ, ಕಾಲೇಜಿನ ಲ್ಯಾಬ್‌ನಲ್ಲಿ ಇಳಿಸಿಕೊಳ್ಳಿ. ಬರೀ ಓದಲು ಆದರೆ 6.1ರ ಟಾರ್ ಫೈಲ್ ಸುಮಾರು 130 ಎಂಬಿ, ಮೊಬೈಲ್ ಡೇಟಾದಲ್ಲೂ ಬರುತ್ತದೆ.

ಇನ್ನೊಂದು ದಾರಿ ಎಂದರೆ ಯಂತ್ರವನ್ನೇ ಪುಸ್ತಕಕ್ಕೆ ಹೊಂದಿಸುವುದು. ಬಿಲಿಮೋರಿಯಾ ಪುಸ್ತಕ ಓದುವವರು ವರ್ಚುವಲ್‌ಬಾಕ್ಸ್‌ನಲ್ಲಿ ಡೆಬಿಯನ್ 12 ಹಾಕಿಕೊಂಡರೆ ಪುಸ್ತಕದ ಕರ್ನೆಲ್‌ನ ಸಾಲಿನದ್ದೇ ಕೈಯಲ್ಲಿರುತ್ತದೆ. ಉಬುಂಟು 24.04ರ 6.8ರಲ್ಲಿ ಅಲ್ಲಲ್ಲಿ ತಿದ್ದಬೇಕಾಗಬಹುದು. ಉದಾಹರಣೆಗೆ 'ಕ್ಲಾಸ್_ಕ್ರಿಯೇಟ್' 6.4ರಲ್ಲಿ ಒಂದು ಆರ್ಗ್ಯುಮೆಂಟ್ ಕಳೆದುಕೊಂಡಿತು.

ಇದೇ ಉಪಾಯವನ್ನು 2.6ರ ಪುಸ್ತಕಗಳಿಗೆ ಮಾಡಲು ಹೋಗಬೇಡಿ. 2.6ರ ಕೊನೆಯ ಕಾಲದ ಕರ್ನೆಲ್ ಸೋರ್ಸ್ ಕಂಪೈಲರ್‌ನ ನಂಬರ್ ನೋಡಿ ಆ ನಂಬರಿನದ್ದೇ ಹೆಡರ್ ಫೈಲ್ ಕೇಳುತ್ತದೆ. ಅದಕ್ಕೆ ಜಿಸಿಸಿ ಅನ್ನುವ ಸಿ ಕಂಪೈಲರ್‌ನ 13ನೇ ಆವೃತ್ತಿ ಕೊಟ್ಟರೆ 'ಕಂಪೈಲರ್-ಜಿಸಿಸಿ13' ಅನ್ನುವ ಫೈಲ್ ಎಲ್ಲಿ ಅಂತ ಕೇಳಿ ನಿಲ್ಲುತ್ತದೆ. ಅದು ಹುಟ್ಟಿಯೇ ಇಲ್ಲ. ಹಳೆ ಕರ್ನೆಲನ್ನು ಎಲಿಕ್ಸರ್‌ನಲ್ಲಿ ಓದಿ, ಕಟ್ಟಲು ಹೋಗಬೇಡಿ.

ಹೆಜ್ಜೆ 7: ನಮ್ಮ ಕಡೆ ಎಲ್ಲಿ ಸಿಗುತ್ತದೆ

ಮಂಗಳೂರು, ಉಡುಪಿಯ ಅಂಗಡಿಗಳಲ್ಲಿ ಸಿಲೆಬಸ್ ಪುಸ್ತಕಗಳು ಧಾರಾಳವಾಗಿ ಸಿಗುತ್ತವೆ. ಕರ್ನೆಲ್ ಪುಸ್ತಕ ಶೆಲ್ಫ್‌ನಲ್ಲಿ ಕಾಣುವುದು ಅಪರೂಪ. ತರಿಸಿಕೊಡಿ ಅಂತ ಹೇಳುವುದಾದರೆ ಐಎಸ್‌ಬಿಎನ್ ಬರೆದೇ ಕೊಡಿ. ಆನ್‌ಲೈನ್‌ನಲ್ಲಿ ಕೊಳ್ಳುವಾಗಲೂ ಅಷ್ಟೇ, ಹೆಸರು ಹಾಕಿ ಹುಡುಕಿದರೆ ಹಳೆ ಆವೃತ್ತಿ ಮೇಲೆ ಬರುತ್ತದೆ. ಪ್ಯಾಕ್ಟ್‌ನ ಇ-ಪುಸ್ತಕಗಳಿಗೆ ಸಾಮಾನ್ಯವಾಗಿ ಡಿಸೆಂಬರ್ ಹೊತ್ತಿಗೆ ಒಳ್ಳೆಯ ರಿಯಾಯಿತಿ ಇರುತ್ತದೆ. ಅರ್ಜೆಂಟ್ ಇಲ್ಲದವರು ಕಾಯಬಹುದು. ಸೆಕೆಂಡ್ ಹ್ಯಾಂಡ್ ತರಿಸುವವರು ಬೈಂಡಿಂಗ್‌ನ ಫೋಟೊ ಕೇಳಿ. ನಮ್ಮ ಕರಾವಳಿಯ ಆಟಿ ತಿಂಗಳ ಥಂಡಿಯಲ್ಲಿ ಮೊದಲೇ ಫಂಗಸ್ ಹಿಡಿದ ಪುಸ್ತಕ ಪಕ್ಕದ ಪುಸ್ತಕವನ್ನೂ ಬಿಡುವುದಿಲ್ಲ.

ಕೊಳ್ಳುವ ಮೊದಲು ಕಾಲೇಜು ಲೈಬ್ರರಿಯ ಇ-ಪುಸ್ತಕಗಳ ಪಟ್ಟಿ ನೋಡಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಕಾಲೇಜುಗಳಿಗೆ ಕನ್ಸೋರ್ಷಿಯಂ ಮೂಲಕ ಇ-ಪುಸ್ತಕಗಳು ಸಿಗುತ್ತವೆ, ಮನೆಯಿಂದಲೂ ಲಾಗಿನ್ ಮಾಡಬಹುದು. ಎಷ್ಟೋ ವಿದ್ಯಾರ್ಥಿಗಳಿಗೆ ತಮಗೆ ಲಾಗಿನ್ ಉಂಟು ಅನ್ನುವುದೇ ಗೊತ್ತಿರುವುದಿಲ್ಲ. ಬೇರೆ ಸಂಸ್ಥೆಯ ಲೈಬ್ರರಿಗೆ ಹೋಗಿ ಓದಬೇಕೆಂದಿದ್ದರೆ ಬಸ್ ಹತ್ತುವ ಮೊದಲು ಫೋನ್ ಮಾಡಿ, ಹೊರಗಿನವರಿಗೆ ಯಾವ ಪತ್ರ ಬೇಕು ಅಂತ ಕೇಳಿಕೊಳ್ಳಿ.

ಲೈಬ್ರರಿಯಲ್ಲಿ ಇಲ್ಲದಿದ್ದರೆ ತರಿಸಲು ಹೇಳಿ. ಶಿಫಾರಸು ಚೀಟಿ ಅಂತ ಒಂದು ಇರುತ್ತದೆ, ನಿಮ್ಮ ವಿಭಾಗದ ಮೇಷ್ಟ್ರ ಸಹಿ ಇದ್ದರೆ ಬೇಗ ಕೆಲಸ ಆಗುತ್ತದೆ. ಬಜೆಟ್ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಹಾಗಾಗಿ ಫೆಬ್ರವರಿ ಕೊನೆಗೆ ಹೋಗಿ ಅವಸರ ಮಾಡಿದರೆ ನಡೆಯುವುದಿಲ್ಲ. ಚೀಟಿಯಲ್ಲಿ ಹೆಸರು, ಲೇಖಕರು, ಪ್ರಕಾಶಕರ ಜೊತೆ 'ಎರಡನೇ ಆವೃತ್ತಿ, 2024' ಅಂತ ಬರೆದು ಕೆಳಗೆ ಗೆರೆ ಎಳೆಯಿರಿ. ಅದನ್ನು ಬರೆಯದಿದ್ದರೆ ಸಪ್ಲೈಯರ್ ತನ್ನ ಗೋಡೌನಿನಲ್ಲಿ ಇರುವುದನ್ನು ಕಳಿಸುತ್ತಾನೆ. ಪುಸ್ತಕ ಬಂದ ದಿನವೇ ಹೋಗಿ ಆವೃತ್ತಿ ನೋಡಿಕೊಳ್ಳಿ. ತಪ್ಪಿ 2021ರದ್ದು ಬಂದಿದ್ದರೆ ಲೈಬ್ರರಿಯನ್‌ಗೆ ಆಗಲೇ ಹೇಳಿ. ಅಕ್ಸೆಷನ್ ರಿಜಿಸ್ಟರ್‌ಗೆ ನಂಬರ್ ಬಿದ್ದು, ಮುದ್ರೆ ಒತ್ತಿ ಆದ ಮೇಲೆ ಯಾವ ಸಪ್ಲೈಯರ್ ಕೂಡ ವಾಪಸ್ ತಗೊಳ್ಳುವುದಿಲ್ಲ.